ವಿಂಗಿನ ಮರೆಯ ಗಂಟಲು

॥ ಶ್ರೀ ವೀತರಾಗಾಯ ನಮಃ ॥

ತೇರದಾಳ
ಮಂಗಳವಾರ, ತಾ. ೯ ಫೆಬ್ರುವರಿ ೧೯೫೪

ಚಿ. ಸೌ. ಹೀರಾಳಿಗೆ ತೇರದಾಳದಿಂದ ನಿನ್ನ ಮೂಕ ಗಂಡ ಧರಣೇಂದ್ರ ಬರೆಯುವುದು.

ಕಾಗದದ ನೆತ್ತಿಯ ಮೇಲಿನ ಸಾಲು ಅವ್ವ ಬರೆಸಿದ್ದು. ಹೆಂಡತಿ ತವರಿಗೆ ಹೋಗಿ ಒಂಬತ್ತು ತಿಂಗಳಾದ ಗಂಡಸು ಮೋಹ ಬಿಟ್ಟವನನ್ನು ನೆನೆದು ಕಾಗದ ಸುರು ಮಾಡುವುದು ಎಷ್ಟು ಸರಿ ಎಂದು ಅವಳನ್ನು ಕೇಳಬೇಕೆನಿಸಿತು. ಕೇಳಲಿಲ್ಲ. ಕೇಳುವ ಹಾಗಿಲ್ಲ. ನಾನು ಬಾಯಿಂದ ಒಂದಕ್ಷರ ಹೊರಡಿಸದೆ ಇವತ್ತಿಗೆ ಮೂವತ್ತೆಂಟು ದಿನ.

ಅವಸರದಿಂದ ಸಂತೋಷಪಡಬೇಡ, ಪೂರ್ತಿ ಓದು.

ಮುಧೋಳದ ಕ್ಯಾಂಪಿನಲ್ಲಿ, ಡಿಸೆಂಬರದ ಕೊನೆಯ ಶನಿವಾರ, ನನ್ನ ಗಂಟಲು ಕೈಕೊಟ್ಟಿತು. ನಮ್ಮ ವಿಠೋಬಾ ಮಾಲಕರು ನಿನಗೆ ಗೊತ್ತು. ನಾಟಕ ಕಂಪನಿಯೂ ಅವರದೇ, ರಾಜಪಾರ್ಟೂ ಅವರದೇ. ಹನ್ನೊಂದು ವರ್ಷದಲ್ಲಿ ಒಂದು ಸಾಲನ್ನೂ ಅವರು ಬಾಯಿಪಾಠ ಮಾಡಿದವರಲ್ಲ. ರಂಗದ ಪಕ್ಕದ ವಿಂಗಿನ ಮರೆಯಲ್ಲಿ ಪ್ರಾಂಪ್ಟರ್ ಧರಣೇಂದ್ರ ಪುಸ್ತಕ ಹಿಡಿದು ಪಿಸುಮಾತಿನಲ್ಲಿ ಎತ್ತಿಕೊಡಬೇಕು, ಅವರು ಸಿಂಹಾಸನದ ಮೇಲಿಂದ ಗರ್ಜಿಸಬೇಕು. ಅವರ ತಲೆ ಸದಾ ಎಡಕ್ಕೆ ತುಸು ವಾಲಿರುವುದನ್ನು ಊರೂರಿನ ಜನ ರಾಜಠೀವಿ ಎಂದು ಹೊಗಳುತ್ತಾರೆ. ಎಡಗಡೆ ನಾನು ನಿಂತಿರುತ್ತೇನೆಂಬುದು ಹೊಗಳುವವರಿಗೆ ಹೇಗೆ ಗೊತ್ತಾಗಬೇಕು?

ಅಂದು ಮೂರನೆಯ ಅಂಕದಲ್ಲಿ ಮಹಾರಾಜರ ಕಿವಿ ನನ್ನ ಕಡೆ ಬಾಗಿತು. ನನ್ನ ಬಾಯಿಂದ ಹೊರಟದ್ದು ಹರಿದ ತಿದಿಯ ಗಾಳಿ ಮಾತ್ರ. ಮಹಾರಾಜರು ಸ್ವಲ್ಪ ಕಾದು, “ಮಂತ್ರಿಗಳೇ, ಮುಂದೇನು?” ಎಂದರು. ಮಂತ್ರಿಯೂ ನನ್ನ ಗಂಟಲಿನ ಮೇಲೆಯೇ ರಾಜ್ಯಭಾರ ಮಾಡುವವನು. “ಮಹಾಪ್ರಭುಗಳೇ ಅಪ್ಪಣೆ ಕೊಡಿಸಬೇಕು” ಎಂದ. “ಅಲ್ಲ ಮಂತ್ರಿಗಳೇ, ಮುಂದೇನು?” “ತಾವು ಹೇಳಿದಂತೆ, ಮಹಾಪ್ರಭು.” ಹೀಗೆ ಐದು ಸಲ ಆಯಿತು. ಜನ ಇದನ್ನು ಮುಂಬಯಿ ಸರಕಾರದ ಮೇಲಿನ ಟೀಕೆ ಎಂದು ತಿಳಿದು ಸೀಟಿ ಹೊಡೆದರು. ಮುಂದಿನ ಸಾಲಿನಿಂದ ಒಬ್ಬ ವಕೀಲರು ಎದ್ದು ನಿಂತು “ಒನ್ಸ್ ಮೋರ್” ಕೇಳಿದರು. ಕೇಳಿದ್ದನ್ನು ಕೊಡುವುದೊಂದೇ ಅಂದು ನಮಗೆ ಸಾಧ್ಯವಿದ್ದದ್ದು. ಕೊಟ್ಟೆವು.

ಮರುದಿನದಿಂದ ಕಂಪನಿಯೆಲ್ಲ ನನ್ನ ವೈದ್ಯರಾದರು. ಪೇಟಿ ಬಾರಿಸುವ ಮಾಸ್ತರರು ಕಲ್ಲುಸಕ್ಕರೆ ಮೆಣಸು ತಂದರು. ರಾಣಿ ಪಾರ್ಟಿನವನು ತುಪ್ಪ ಕಾಸಿ ಕುಡಿಸಿದ. ಅಡಿಗೆಯವ ಉಳ್ಳಾಗಡ್ಡಿಯ ರಸ ಹಿಂಡಿ ತಂದ. (ಇದನ್ನು ಅವ್ವನ ಕಿವಿಗೆ ಹಾಕಬೇಡ.) ಮಾಲಕರ ಔಷಧ ಎಲ್ಲಕ್ಕಿಂತ ಸರಳ: “ನೀ ಜೋರ ಮಾತಾಡಬ್ಯಾಡೋ. ಪಿಸಪಿಸ ಅನ್ನು ಸಾಕು, ಗಂಟಲಕ್ಕ ವಿಶ್ರಾಂತಿ ಸಿಗತೈತಿ.” ನಾನು ಒಂದು ವಾರ ಪಿಸಪಿಸ ಅಂದು ವಿಶ್ರಾಂತಿ ಪಡೆದೆ. ವಿಶ್ರಾಂತಿ ಹೆಚ್ಚಾದಷ್ಟೂ ದನಿ ಕಡಿಮೆಯಾಯಿತು. ಕಡೆಗೆ ಕುಡಚಿಗೆ ಹೋಗಿ ಮಿರಜಿನ ರೈಲು ಹತ್ತಿದೆ.

ಹೀರಾ, ಮಿರಜಿನಲ್ಲಿ ನಾನು ಕಂಡದ್ದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆಯುತ್ತದೆ. ಹೇಳುವ ಹಾಗಿಲ್ಲವಾದ್ದರಿಂದ ನಿನಗೆ ಬರೆಯುತ್ತೇನೆ.

ಡಾಕ್ಟರು ಮೊದಲು ನನ್ನ ಉದ್ಯೋಗ ಕೇಳಿದರು. ಅವರ ಹತ್ತಿರ ಕೀರ್ತನಕಾರರು ಬರುತ್ತಾರಂತೆ, ಸಾಲಿ ಮಾಸ್ತರರು ಬರುತ್ತಾರಂತೆ, ಅಡತಿ ಅಂಗಡಿಯಲ್ಲಿ ಬೆಲ್ಲದ ಸವಾಲು ಕೂಗುವವರು ಬರುತ್ತಾರಂತೆ. ಎಲ್ಲರೂ ಕೂಗಿ ಕೆಟ್ಟವರು. ನೀನೂ ಕೂಗುತ್ತೀಯೋ ಎಂದರು. “ಇಲ್ರೀ ಸಾಹೇಬ್ರ, ಪಿಸುಗುಟ್ಟೂದ ನನ್ನ ನೌಕರಿ” ಎಂದೆ. ಅವರು ಪೆನ್ನು ಕೆಳಗಿಟ್ಟರು. ಬಾಗಿಲ ಹೊರಗೆ ಹೋಗಿ ಇನ್ನಿಬ್ಬರು ಡಾಕ್ಟರರನ್ನು ಕರೆತಂದರು. ಪಿಸುಗುಟ್ಟಿ ಹೊಟ್ಟೆ ಹೊರೆಯುವ ಮನುಷ್ಯನನ್ನು ಮೂವರೂ ಸುತ್ತು ಬಂದು ನೋಡಿದರು.

ಆಮೇಲೆ ಹಣೆಗೆ ನಡುವೆ ತೂತಿರುವ ಕನ್ನಡಿ ಕಟ್ಟಿಕೊಂಡು, ಉದ್ದ ಹಿಡಿಕೆಯ ಪುಟ್ಟ ಕನ್ನಡಿಯೊಂದನ್ನು ದೀಪಕ್ಕೆ ಹಿಡಿದು ಬೆಚ್ಚಗೆ ಮಾಡಿ, ನನ್ನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆಳೆದು, “ಈ ಅನ್ನು” ಎಂದರು. ನಾಲಿಗೆ ಪರರ ವಶದಲ್ಲಿರುವಾಗ ಒಂದು ಅಕ್ಷರವೂ ಎಷ್ಟು ಭಾರ ಎಂದು ಅಂದು ತಿಳಿಯಿತು. ನನ್ನ ಕಣ್ಣಿನ ಕುತೂಹಲ ಅವರಿಗೆ ಕಂಡಿರಬೇಕು. ಇನ್ನೊಂದು ಕನ್ನಡಿ ಹಿಡಿದು ನನಗೂ ತೋರಿಸಿದರು.

ಎರಡು ಬಿಳಿ ಪಟ್ಟಿ, ಹೀರಾ. ಒಳ್ಳೆಯ ಧೋತರದ ಅಂಚಿನಷ್ಟು ನುಣ್ಣಗೆ. ಉಸಿರೆಳೆದರೆ ಬಾಗಿಲಿನಂತೆ ತೆರೆಯುತ್ತವೆ. “ಈ” ಅಂದರೆ ಒಂದರ ಹತ್ತಿರ ಒಂದು ಬಂದು ನಡುಗುತ್ತವೆ. ಇಷ್ಟು ವರ್ಷ ನನಗೆ ಅನ್ನ ಹಾಕಿದವರ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ನಮಸ್ಕಾರ ಮಾಡೋಣವೆಂದರೆ ನಾಲಿಗೆ ಇನ್ನೂ ಡಾಕ್ಟರರ ಕೈಯಲ್ಲಿ. ಆ ಪಟ್ಟಿಗಳ ಅಂಚಿನಲ್ಲಿ, ಎದುರುಬದುರಾಗಿ, ನವಣೆ ಕಾಳಿನಷ್ಟು ಎರಡು ಗಂಟು.

ಅವರು ತಿಳಿಸಿ ಹೇಳಿದ್ದು ಇಷ್ಟು. ಮೆಲ್ಲಗೆ ಮಾತಾಡುವುದು ಬೇರೆ, ಒತ್ತಿ ಪಿಸುಗುಟ್ಟುವುದು ಬೇರೆ. ಮೂವತ್ತು ಅಡಿ ದೂರದ ಸಿಂಹಾಸನಕ್ಕೆ ಮುಟ್ಟಬೇಕು, ಮೊದಲ ಸಾಲಿನ ವಕೀಲರಿಗೆ ಮುಟ್ಟಬಾರದು, ಹಾಗೆ ಪಿಸುಮಾತನ್ನು ಎಸೆಯಬೇಕಾದರೆ ಗಂಟಲನ್ನು ಒದ್ದೆ ಬಟ್ಟೆಯಂತೆ ಹಿಂಡಬೇಕಾಗುತ್ತದೆ. ಮೇಲೆ ಹಗಲೆಲ್ಲ ತಾಲೀಮಿನಲ್ಲಿ ಇಪ್ಪತ್ತು ಜನರಿಗೆ ಒದರಿ ಒದರಿ ಮಾತು ಕಲಿಸುವುದು ಬೇರೆ. ನಲವತ್ತು ದಿನ ಮಾತು ಬಂದ್, ಪಿಸುಮಾತಂತೂ ಪೂರ್ತಿ ಬಂದ್, ಹೆಂಡತಿಯ ಹತ್ತಿರವೂ ಪಿಸುಗುಟ್ಟಕೂಡದು ಎಂದು ಬೆರಳೆತ್ತಿ ಹೇಳಿದರು. ಆ ವಿಷಯದಲ್ಲಿ ಅವರು ಚಿಂತೆ ಮಾಡಬೇಕಾದ್ದಿಲ್ಲ ಎಂದು ನಾನು ಹೇಳಲಿಲ್ಲ.

ಕೊರಳಿಗೆ ಬರೆಯುವ ಪಾಟಿ ಕಟ್ಟಿಕೊಂಡು ತೇರದಾಳಕ್ಕೆ ಬಂದೆ. ಅನರ್ಥ ಸುರುವಾದದ್ದು ಇಲ್ಲಿ. ಅವ್ವ ನೀರು ಸೇದುವಲ್ಲಿ ಯಾರಿಗೋ, “ನಮ್ಮ ಧರಣೇಂದ್ರ ಮಾತು ಬಿಟ್ಟಾನ” ಎಂದಳಂತೆ. ನಮ್ಮ ಓಣಿಯಲ್ಲಿ ಮಾತು ಬಿಡುವುದಕ್ಕೆ ಒಂದೇ ಕಾರಣ ಉಂಟು: ಮೌನವ್ರತ. ಸೂರ್ಯ ಮುಳುಗುವ ಮೊದಲು ಎಂಟು ಮಂದಿ ಹೆಣ್ಣುಮಕ್ಕಳು ಬಂದು ನನ್ನ ಕಾಲು ಮುಟ್ಟಿ ಹೋದರು. ನಾಟಕದವರ ಗೂಡ ತಿರುಗಿ, ಹೊತ್ತು ಮುಳುಗಿದ ಮೇಲೆ ಉಂಡು ಕೆಟ್ಟಿದ್ದ ಹುಡುಗ ಹಾದಿಗೆ ಬಂದನಲ್ಲ ಎಂದು ಒಬ್ಬಾಕೆ ಕಣ್ಣೀರು ತೆಗೆದಳು. ಬಸದಿಯ ಕಾರಭಾರ ನೋಡುವ ಶಾಂತಿನಾಥಪ್ಪನವರು ಖುದ್ದು ಬಂದರು. ನಾನು ಪಾಟಿಯ ಮೇಲೆ, “ವ್ರತ ಅಲ್ಲರಿ, ಗಂಟಲಲ್ಲಿ ಗಂಟು ಆಗ್ಯಾವ” ಎಂದು ಬರೆದು ತೋರಿಸಿದೆ. ಅವರು ಅದನ್ನು ಕೂಡಿದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿ, “ನೋಡ್ರಿ, ಎಷ್ಟ ವಿನಯ! ವ್ರತಾ ಹಿಡದೇನಿ ಅಂತ ತಾನಾಗೆ ಹೇಳೂದಿಲ್ಲ ಅಂತಾನ!” ಎಂದು ಕೈ ಮುಗಿದರು. ಆಮೇಲೆ ನಾನು ಬರೆದದ್ದೆಲ್ಲ ವಿನಯವೇ ಆಯಿತು. ಊಟದ ಪಂಕ್ತಿಯಲ್ಲಿ ಮೊದಲ ಎಲೆ ನನಗೆ. ಹಗಲಿರುವಾಗಲೇ ಉಣ್ಣದೆ ಗತಿಯಿಲ್ಲ. ಉಳ್ಳಾಗಡ್ಡಿಯ ಮಾತು ಕನಸಿನಲ್ಲಿ.

ಇನ್ನೊಂದು ವಿಚಿತ್ರ ನೋಡು. ತಿರುಗಿ ಮಾತಾಡದವನು ಸಿಕ್ಕಿದರೆ ಜನ ಎಷ್ಟು ಮಾತಾಡುತ್ತಾರೆ! ಅಣ್ಣತಮ್ಮಂದಿರ ಜಗಳ, ಅತ್ತೆಯ ಕಾಟ, ಮೂವತ್ತು ವರ್ಷದ ಹಿಂದೆ ಕದ್ದ ಬದನೆಕಾಯಿ, ಎಲ್ಲವೂ ನಮ್ಮ ಕಟ್ಟೆಗೆ ಬಂದವು. ಇಷ್ಟು ಕಾಲ ನಾನು ಮಂದಿಯ ಕಿವಿಗೆ ಹಾಕಿದವನು. ಈಗ ಮಂದಿ ನನ್ನ ಕಿವಿಗೆ ಹಾಕುತ್ತಿದ್ದರು. ಕೇಳಿಸಿಕೊಳ್ಳುವುದು ಇಷ್ಟು ರುಚಿಯಾದ ಕೆಲಸವೆಂದು ನನಗೆ ಗೊತ್ತಿರಲಿಲ್ಲ.

ಇಪ್ಪತ್ತನೆಯ ದಿನ ನಿನ್ನ ಅವ್ವ ಪದ್ಮವ್ವನವರು ರಬಕವಿಯಿಂದ ಬಂದರು. ಬಂದದ್ದು ನಿನಗೆ ಗೊತ್ತೋ ಇಲ್ಲವೋ ತಿಳಿಯದು. ಅಳಿಯನ ವ್ರತದ ಸುದ್ದಿ ಅಲ್ಲಿಯವರೆಗೂ ಮುಟ್ಟಿತ್ತು. ಎದುರಿಗೆ ಕೂತು, ಸೆರಗು ಸರಿ ಮಾಡಿಕೊಂಡು, ಗುಟ್ಟು ಹೇಳುವವರಂತೆ ಮುಂದೆ ಬಾಗಿ ಸುರು ಮಾಡಿದರು:

“ಅಳಿಯಾರ, ವ್ರತಾ ಹಿಡದವರ ಮುಂದ ಸುಳ್ಳ ಆಡಬಾರದು. ನಮ್ಮ ಹೀರಾ ಸಿಟ್ಟಾಗಿ ಬಂದಾಕಿ ಅಲ್ರಿ. ನಾಚಿಕಿ ಆಗಿ ಬಂದಾಕಿ. ಕೂಸು ಹ್ವಾದ ಮೂರನೇ ದಿನಾ ನೀವು ಬಂದು ಆಕಿ ತಲಿ ಮ್ಯಾಲ ಕೈ ಇಟ್ಟು ಒಂದ ಮಾತ ಅಂದ್ರಿ ನೋಡ್ರಿ, ಆ ಮಾತ ಉಡಿಯಾಗ ಕಟಗೊಂಡು ಅಡ್ಡಾಡಿದ್ಲು. ‘ಎವ್ವಾ, ಅವರಿಗಿ ಮಾತ ಬರೂದಿಲ್ಲ ಅಂತಿದ್ದಿ, ಕೇಳು ಎಂಥಾ ಮಾತ ಅಂದ್ರು’ ಅಂತ ನನಗ ಹತ್ತ ಸಲ ಹೇಳಿದ್ಲು. ಆಮ್ಯಾಲ, ಆಕಿ ತಿರಗಿ ನಿಮ್ಮ ಮನಿಗಿ ಬಂದಿದ್ಲಲ್ಲ, ಆವಾಗ ಬನಹಟ್ಟ್ಯಾಗ ನಿಮ್ಮ ನಾಟಕಕ್ಕ ನಾವಿಬ್ಬರೂ ಹ್ವಾದಿವಿ. ನಿಮ್ಮ ರಾಜಾ ಬಂದು, ರಾಣಿ ತಲಿ ಮ್ಯಾಲ ಕೈ ಇಟ್ಟು, ಅದ ಮಾತ ಅಂದ್ರು! ಒಂದ ಅಕ್ಷರ ಹೆಚ್ಚಿಲ್ಲ, ಕಡಿಮಿ ಇಲ್ಲ. ಹೆಂಗಸೂರೆಲ್ಲಾ ಅಳಾಕತ್ತಾರ, ಇಕಿ ಒಬ್ಬಾಕಿ ನಗಾಕತ್ತಾಳ. ‘ಎವ್ವಾ, ನನಗ ಕೊಟ್ಟದ್ದ ಇಲ್ಲಿ ದಿನಾ ಎಲ್ಲಾರಿಗೂ ಹಂಚತಾರ’ ಅಂದ್ಲು. ಎದ್ದಾಕಿನ ಸೀದಾ ನಮ್ಮ ಮನಿಗಿ ಬಂದ್ಲು.”

ಹನ್ನೆರಡು ಮಗ್ಗ ಕುಟ್ಟುವ ಮನೆಯಲ್ಲಿ ನಲವತ್ತು ವರ್ಷ ಮಾತಾಡಿದ ದನಿ ಅದು. ಅವರ ಲೆಕ್ಕಕ್ಕೆ ಅದು ಗುಟ್ಟು. ನಮ್ಮ ಓಣಿಯಲ್ಲಿ ಮಗ್ಗ ಇಲ್ಲ, ಹೀರಾ. ಬಸದಿಯ ಕಟ್ಟೆಯ ತನಕ ಎಲ್ಲರೂ ಕೇಳಿದರು. ನಾನೂ ಕೇಳಿದೆ. ನೀನು ಹೋದದ್ದು ನನ್ನ ತಿರುಗಾಟದ ಕಾಟಕ್ಕೆ ಎಂದೇ ನಾನು ಒಂಬತ್ತು ತಿಂಗಳು ನಂಬಿದ್ದೆ. ಕೇಳಬೇಕೆಂದು ಕೂಡ ನನಗೆ ಹೊಳೆದಿರಲಿಲ್ಲ.

“ಹೂವು ಉದುರಿತೆಂದು ಬಳ್ಳಿ ಒಣಗಬಾರದು ದೇವಿ, ಬೇರಿನಲ್ಲಿ ವಸಂತ ಇನ್ನೂ ಮಲಗಿದೆ.” ಮೂರನೆಯ ಅಂಕ, ಎರಡನೆಯ ದೃಶ್ಯ. ಹೌದು, ಆ ಮಾತು ನನ್ನದಲ್ಲ. ಕದಿಯಬೇಕೆಂದು ಕದ್ದದ್ದೂ ಅಲ್ಲ. ಯಾರಾದರೂ ಬಾಯಿ ತೆರೆದು ಮುಂದೆ ತೋಚದೆ ನಿಂತರೆ ಸಾಲು ಎತ್ತಿಕೊಡುವುದು ನನ್ನ ಕೆಲಸ. ನಿನ್ನ ಮಂಚದ ಹತ್ತಿರ ಅಂದು ಹಾಗೆ ನಿಂತವನು ನಾನೇ ಆಗಿದ್ದೆ. ಸಾಲು ತಾನಾಗಿ ಬಂತು, ಕೈ ತಾನಾಗಿ ನಿನ್ನ ತಲೆಯ ಮೇಲೆ ಹೋಯಿತು. “ದೇವಿ” ಒಂದನ್ನು ಮಾತ್ರ ಬಿಟ್ಟೆ. ಬನಹಟ್ಟಿಯಲ್ಲಿ ಮಾಲಕರಿಗೆ ಅದೇ ಸಾಲನ್ನು ಎತ್ತಿಕೊಟ್ಟವನೂ ನಾನೇ. ನೀನು ಹೆಂಗಸರ ಕಡೆ ಕೂತದ್ದು ಗೊತ್ತಿರಲಿಲ್ಲ. ಗೊತ್ತಿದ್ದರೆ ತಡವರಿಸುತ್ತಿದ್ದೆನೇ? ಬಹಳ ಯೋಚಿಸಿ ನೋಡಿದೆ. ಇಲ್ಲ. ಆ ಸಾಲನ್ನು ನಿನಗೆ ಹೇಳಿದ್ದೆನೆಂಬುದೇ ನನ್ನ ನೆನಪಿನಲ್ಲಿ ಇರಲಿಲ್ಲ.

ನಿನ್ನ ಅವ್ವ ಹೋದ ಮೇಲೆ ನಿನಗಾಗಿ ನನ್ನದೇ ಒಂದು ಮಾತು ಬರೆಯೋಣವೆಂದು ಪಾಟಿ ಹಿಡಿದು ಕೂತೆ. “ನೀನಿಲ್ಲದ ಈ ಅರಮನೆ” ಎಂದು ಬಂತು. ನಮ್ಮ ಮನೆಗೆ ಎರಡೇ ಖೋಲಿ. ಒರಸಿದೆ. “ನನ್ನ ಅಪರಾಧವನ್ನು ಮನ್ನಿಸು” ಎಂದು ಬರೆದೆ. ಸೇನಾಪತಿಯದು, ಕಡೆಯ ಅಂಕ. ಒರಸಿದೆ. “ಹೀರಾ” ಎಂದಷ್ಟೇ ಬರೆದೆ. ಅದು ಯಾವ ನಾಟಕದಲ್ಲೂ ಇಲ್ಲ. ಅದರ ಮುಂದೆ ಹತ್ತು ದಿನ ಏನೂ ಬರಲಿಲ್ಲ. ಅವ್ವ, “ಏನ ಬರದ ಬರದ ಒರಸ್ತೀಲೇ ತಮ್ಮಾ? ಸಾಲ್ಯಾಗ ಇಷ್ಟ ಬರದಿದ್ರ ಇಷ್ಟೊತ್ತಿಗೆ ಮಾಮಲೇದಾರ ಆಗ್ತಿದ್ದಿ” ಎಂದಳು.

ಹೋದ ವಾರ ವಿಠೋಬಾ ಮಾಲಕರೇ ಬಂದರು. ಜಮಖಂಡಿಯಲ್ಲಿ ಹೊಸ ಕ್ಯಾಂಪು ಹಾಕಿದ್ದಾರೆ. ಬಂದವರು ಎದುರಿಗೆ ಕೂತು, “ಧರಣೇಂದ್ರ, ನಾ ನಿನ್ನ ಕಡೆ... ನಾ ನಿನ್ನ ಕಡೆ...” ಎಂದು ತಡೆದರು. ತಲೆ ಮೆಲ್ಲಗೆ ಎಡಕ್ಕೆ ವಾಲಿತು. ಕಾಯತೊಡಗಿದರು. ನನಗೆ ಕನಿಕರ ಬಂತು. ಪಾಟಿಯ ಮೇಲೆ, “ಕಂಪನಿಗೆ ತಿರುಗಿ ಬಾ ಎಂದು ಕೇಳಲು ಬಂದಿದ್ದೇನೆ” ಎಂದು ಬರೆದು ಹಿಡಿದೆ. ಅವರ ಮುಖ ಅರಳಿತು. ಎದೆ ಉಬ್ಬಿಸಿ, ತಡೆಯಬೇಕಾದಲ್ಲಿ ತಡೆದು, ಎಷ್ಟು ಚಂದ ಅಂದರು! ಉತ್ತರವನ್ನೂ ಬರೆದು ಹಿಡಿದೆ: “ಇನ್ನು ನಾನು ಬರುವುದಿಲ್ಲ.” ಅದನ್ನೂ ಅದೇ ರಾಜಠೀವಿಯಲ್ಲಿ ಓದಿ ಮುಗಿಸಿದರು. ಓದಿ ಮುಗಿದ ಮೇಲೆ ಅವರಿಗೆ ಅರ್ಥವಾಯಿತು. ಹೋಗುವಾಗ, “ಎರಡ ಅಂಕ ಬಾಯಿಪಾಠ ಮಾಡೇನಪಾ. ಇನ್ನ ಮೂರನೇದ್ದು ಉಳದೈತಿ” ಎಂದರು. ಆ ಒಂದು ಮಾತನ್ನು ಯಾರೂ ಎತ್ತಿಕೊಟ್ಟಿರಲಿಲ್ಲ.

ಹಾಗಾದರೆ ನನಗೂ ಒಂದು ಸಿಕ್ಕೀತು ಎನಿಸಿತು. ಸಿಕ್ಕಿದ್ದು ಮಾತಲ್ಲ, ಬರೀ ಪ್ರಶ್ನೆಗಳು. ಅವು ಯಾವ ಅಂಕದಲ್ಲೂ ಇಲ್ಲವೆಂದು ಪುಸ್ತಕ ತೆಗೆದು ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ. ಕೂಸು ಎರಡು ದಿನ ಇತ್ತಲ್ಲ ಹೀರಾ, ಅತ್ತಿತ್ತೇ? ದನಿ ಗಟ್ಟಿ ಇತ್ತೋ ಸಣ್ಣಗಿತ್ತೋ? ಮಗ್ಗದ ಸದ್ದಿನಲ್ಲಿ ನಿನಗೆ ಕೇಳಿಸುತ್ತಿತ್ತೇ? ನೀನು ಅದನ್ನು ಏನೆಂದು ಕರೆಯುತ್ತಿದ್ದೆ? ಇದೊಂದನ್ನೂ ನಾನು ನಿನ್ನನ್ನು ಕೇಳಲಿಲ್ಲ. ಬಂದವನೇ ವಸಂತದ ಸುದ್ದಿ ಹೇಳಿಬಿಟ್ಟೆ.

ಶನಿವಾರ ಮಿರಜಿಗೆ ಹೋಗಬೇಕು. ಗಂಟು ಕರಗಿದ್ದರೆ ದನಿ ಬರುತ್ತದಂತೆ. ಎಂಥ ದನಿ ಬರುತ್ತದೆಂದು ಡಾಕ್ಟರರಿಗೂ ಗೊತ್ತಿಲ್ಲ, ನನಗಂತೂ ಗೊತ್ತೇ ಇಲ್ಲ. ತಾಲೀಮಿನಲ್ಲಿ ಒದರಿದ್ದು, ವಿಂಗಿನಲ್ಲಿ ಪಿಸುಗುಟ್ಟಿದ್ದು ಬಿಟ್ಟರೆ ನನ್ನ ದನಿಯನ್ನು ನಾನು ಕೇಳಿದವನಲ್ಲ. ಕೇಳುವ ಕುತೂಹಲ ಇದೆ. ಜಮಖಂಡಿಯ ಒಂದು ಛಾಪಖಾನೆಯಲ್ಲಿ ಅಚ್ಚಿನ ತಪ್ಪು ತಿದ್ದುವ ಕೆಲಸ ಗೊತ್ತಾಗಿದೆ. ಅಲ್ಲಿಯೂ ಪರರ ಮಾತೇ, ಆದರೆ ಗಂಟಲು ಬೇಕಿಲ್ಲ. ಬಾಡಿಗೆಗೆ ಒಂದು ಖೋಲಿ ನೋಡಿದ್ದೇನೆ. ನೀನು ಬರುತ್ತೀಯೆಂದು ನೋಡಿದ್ದೇನೆ. ಬರದಿದ್ದರೂ ಆ ಪ್ರಶ್ನೆಗಳಿಗೆ ಉತ್ತರ ಬರೆ. ಬರುವುದು ಬಿಡುವುದು ಆಮೇಲಿನ ಮಾತು.

ಅವ್ವ ನಿನ್ನನ್ನು ಕೇಳಿದ್ದಾಳೆ. ವ್ರತ ಮುಗಿದ ಮೇಲೆ ಓಣಿಗೆಲ್ಲ ಹೋಳಿಗೆ ಹಾಕಿಸಬೇಕೆಂದಿದ್ದಾಳೆ. ಅದು ವ್ರತವಲ್ಲವೆಂದು ಅವಳಿಗೆ ಬರೆದು ತೋರಿಸಿ ಸಾಕಾಗಿದೆ. ಅವಳಿಗೆ ಓದಲು ಬರುವುದಿಲ್ಲ.

ಇಂತು ನಿನ್ನ ಉತ್ತರದ ಹಾದಿ ನೋಡುತ್ತಿರುವ,
ಧರಣೇಂದ್ರ

ತಾ. ಕ.: ಸಹಿ ಹಾಕಿ, ಲಕೋಟೆ ಅಂಟಿಸಿ, ಮತ್ತೆ ಹರಿದು ಇದನ್ನು ಬರೆಯುತ್ತಿದ್ದೇನೆ. ಕೂಸು ಹೋದಾಗ ನಾನು ಬರುವುದು ತಡವಾದದ್ದಕ್ಕೆ ನಿಮ್ಮ ಮನೆಯಲ್ಲಿ ಎಲ್ಲರೂ ಮಗ್ಗದ ಆಳು ಸಾತಪ್ಪನನ್ನು ಬೈದರು. ಸುದ್ದಿ ಹೇಳಲು ಬೀಳಗಿಗೆ ಕಳಿಸಿದರೆ ಕ್ಯಾಂಪು ಗಲಗಲಿಗೆ ಎದ್ದಿತ್ತು, ಸಿಗಲಿಲ್ಲ ಎಂದು ತಿರುಗಿ ಬಂದ, ದಾರಿಯಲ್ಲಿ ಎಲ್ಲೋ ಮಲಗಿರಬೇಕು ಎಂದು ನಿಮ್ಮಪ್ಪ ಅವನನ್ನು ಮಗ್ಗದಿಂದ ಎಬ್ಬಿಸಿ, ಹೆಣ್ಣುಮಕ್ಕಳ ಸಾಲಿನಲ್ಲಿ ನೂಲಿನ ಕಂಡಿಕೆ ಸುತ್ತಲು ಕೂರಿಸಿದರು. ಈಗಲೂ ಅಲ್ಲೇ ಕೂತಿದ್ದಾನೆಂದು ನಿನ್ನ ಅವ್ವ ಹೇಳಿದರು. ಕ್ಯಾಂಪು ಬೀಳಗಿಯಲ್ಲೇ ಇತ್ತು. ಸಾತಪ್ಪ ಸೋಮವಾರ ಮಧ್ಯಾಹ್ನವೇ ಬಂದು ನನ್ನನ್ನು ಕಂಡ. “ಕೂಸಿನ ಉಸರ ಸಣ್ಣ ಐತ್ರಿ, ಈಗಿಂದೀಗ ನನ್ನ ಗೂಡ ಹೊಂಡ್ರಿ” ಎಂದ. ಕೂಸು ಇನ್ನೂ ಇತ್ತು. ಎರಡು ದಿನದ ಟಿಕೀಟು ಮಾರಿಹೋಗಿದ್ದವು, ನಾನಿಲ್ಲದೆ ಮಾಲಕರು ರಂಗದ ಮೇಲೆ ನಿಲ್ಲಲಾರರು ಎಂದೆ. ಸಿಗಲಿಲ್ಲ ಅಂತ ಹೇಳಿಬಿಡು ಎಂದು ಅವನ ಕಿವಿಯಲ್ಲಿ ಪಿಸುಗುಟ್ಟಿದವನು ನಾನೇ. ಅವನು ಇವತ್ತಿನ ತನಕ ಯಾರಿಗೂ ಹೇಳಿಲ್ಲ.

ಈ ತಾಜಾಕಲಮನ್ನು ನೀನೊಬ್ಬಳೇ ಓದಿ ಇಡಬೇಡ. ಹಗಲು ಹೊತ್ತಿನಲ್ಲಿ, ನಿಮ್ಮಪ್ಪ ಇರುವಾಗ, ಹನ್ನೆರಡೂ ಮಗ್ಗ ನಿಲ್ಲಿಸಿ ಗಟ್ಟಿಯಾಗಿ ಓದು. ಕಂಡಿಕೆ ಸುತ್ತುವಲ್ಲಿಯ ತನಕ ಕೇಳಬೇಕು.